ಮಗಳ ಹಿತ್ತಲಲ್ಲಿ ತೋಡಿದ ಹೊಂಡ

ನಮ್ಮ ವಿಜಯಪುರ ಜಿಲ್ಲೆಯವರಿಗೆ ನೆಲ ಅಗೆಯುವುದೆಂದರೆ ನೀರು ಹುಡುಕುವುದು. ಬಾವಿ ತೋಡುತ್ತೇವೆ, ಕೊಳವೆಬಾವಿ ಕೊರೆಸುತ್ತೇವೆ, ಹೊಲದಲ್ಲಿ ಕೃಷಿ ಹೊಂಡ ಮಾಡುತ್ತೇವೆ. ವಿಜಯಪುರದ ತಾಜ್ ಬಾವಡಿ, ಚಾಂದ್ ಬಾವಡಿಗಳನ್ನು ಆದಿಲ್‌ಶಾಹಿ ಅರಸರ ಕಾಲದಲ್ಲಿ ಕಟ್ಟಿಸಿದ್ದೂ ಊರಿನ ನೀರಡಿಕೆ ತಣಿಸುವುದಕ್ಕೇ. ಹೀಗಿರುವಾಗ, 2024ರ ಮಾರ್ಚ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, "ಅಪ್ಪಾ, ಮುಂದಿನ ತಿಂಗಳು ಹಿತ್ತಲದಾಗ ಈಜುಕೊಳಕ್ಕ ತಗ್ಗು ತೋಡಸ್ತೀವಿ" ಎಂದು ಅವಳು ಹೇಳಿದಳು. ನನಗೆ ಕೇಳಿದ್ದೇ ತಪ್ಪಿರಬೇಕು ಅನ್ನಿಸಿತು.

"ತಗ್ಗು ತೋಡಿದ್ರ ಅಲ್ಲಿ ನೀರು ಬರತದೇನು?" ಎಂದೆ.

"ಇಲ್ಲಪ್ಪಾ, ನಲ್ಲಿ ನೀರು ತುಂಬಸೋದು."

ನಾನು ಸುಮ್ಮನಾದೆ. ಆದರೆ 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ತಲೆ ಸುಮ್ಮನಿರುತ್ತದೆಯೇ? ಅಳಿಯಂದಿರು ತೋರಿಸಿದ ನಕ್ಷೆ ನೋಡಿ ಲೆಕ್ಕ ಹಾಕಿದೆ. ಉದ್ದ 30 ಅಡಿ, ಅಗಲ 15 ಅಡಿ. ಆಳ ಒಂದು ಕಡೆ ಮೂರೂವರೆ ಅಡಿ, ಇನ್ನೊಂದು ಕಡೆ ಆರು ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಒಟ್ಟು 60 ಸಾವಿರ ಲೀಟರ್! ನಮ್ಮ ಹಳ್ಳಿಗಳಲ್ಲಿ ಜಲಜೀವನ ಮಿಷನ್ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ಐದು ಜನರ ಮನೆಗೆ ಏಳು ತಿಂಗಳು ಸಾಲುವ ನೀರು ಅದು. ಇದನ್ನು ಕಾಗದದಲ್ಲಿ ಬರೆದು ಮಗಳಿಗೆ ತೋರಿಸಿದೆ. ಅವಳು ನಕ್ಕು, "ಒಮ್ಮೆ ತುಂಬಿದ ನೀರನ್ನ ಸೋಸಿ ಸೋಸಿ ವರ್ಷಗಟ್ಲೆ ಬಳಸ್ತಾರಪ್ಪಾ, ದಿನಾ ಚೆಲ್ಲೂದಿಲ್ಲ" ಎಂದಳು. ನನ್ನ ಕಾಗದ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತು. ತಗ್ಗಂತೂ ನಿಲ್ಲಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಚಿಂತೆ ನೀರಿನದಷ್ಟೇ ಆಗಿರಲಿಲ್ಲ. ಮನೆಯಲ್ಲಿ ಹತ್ತು ವರ್ಷದ ಮೊಮ್ಮಗ, ಮೂರೂವರೆ ವರ್ಷದ ಮೊಮ್ಮಗಳು ಇದ್ದರು. ತೆರೆದ ತಗ್ಗು ಕಂಡರೆ ನನಗೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಹುಲ್ಲಿನ ಮೇಲೆ ರಂಗೋಲಿ

ಪ್ಲೇನೋ ಎಂಬುದು ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಉತ್ತರಕ್ಕಿರುವ ಊರು. ಆ ಹೆಸರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಸಮತಟ್ಟು' ಎಂಬ ಅರ್ಥವಿದೆ. ಹೆಸರಿಗೆ ತಕ್ಕಂತೆ ಊರೂ ಚಪ್ಪಟೆ. ಗುಡ್ಡ ಬೇಕೆಂದರೂ ಸಿಗುವುದಿಲ್ಲ. ಮನೆಗಳ ಹಿಂದೆ ಆಳೆತ್ತರದ ಕಟ್ಟಿಗೆಯ ಬೇಲಿ, ಬೇಲಿಯೊಳಗೆ ಹುಲ್ಲು.

ಏಪ್ರಿಲ್ ಮೊದಲ ವಾರ ಒಂದು ಬೆಳಿಗ್ಗೆ ಮೊಮ್ಮಗ ಓಡಿಬಂದ. "ಅಜ್ಜಾ, ಹಿತ್ತಲದಾಗ ಯಾರೋ ಬಣ್ಣ ಬಳದಾರ, ಬಾ!"

ಹೋಗಿ ನೋಡಿದರೆ ಹುಲ್ಲಿನ ಮೇಲೆ ಬಣ್ಣದ ಗೆರೆಗಳು, ಅಲ್ಲಲ್ಲಿ ಪುಟ್ಟ ಬಾವುಟಗಳು. ಯಾರೋ ತುಂಟ ಹುಡುಗರ ಕೆಲಸ ಅಂದುಕೊಂಡೆ. ಅಲ್ಲವಂತೆ. ಅಲ್ಲಿ ಯಾರೇ ನೆಲ ಅಗೆಯಬೇಕಾದರೂ, ಗಿಡ ನೆಡಲು ಸಣ್ಣ ಗುಂಡಿ ತೋಡಬೇಕಾದರೂ, ಮೊದಲು 811 ಎಂಬ ಮೂರಂಕಿಯ ಸಂಖ್ಯೆಗೆ ಫೋನ್ ಮಾಡಬೇಕು. ಇಡೀ ಅಮೆರಿಕಕ್ಕೆ ಇದು ಒಂದೇ ಸಂಖ್ಯೆ, 2007ರಿಂದ ಇದೆ. ಟೆಕ್ಸಾಸ್‌ನಲ್ಲಿ ಅಗೆಯುವುದಕ್ಕೆ ಕನಿಷ್ಠ ಎರಡು ಕೆಲಸದ ದಿನ ಮೊದಲೇ ಹೇಳಬೇಕು. ಆಮೇಲೆ ವಿದ್ಯುತ್, ಗ್ಯಾಸ್, ಫೋನ್ ಇವುಗಳ ಕಡೆಯವರು ಬಂದು, ತಮ್ಮ ತಂತಿ, ಕೊಳವೆಗಳು ನೆಲದಡಿ ಎಲ್ಲೆಲ್ಲಿ ಹೋಗಿವೆಯೋ ಅಲ್ಲಿ ಗುರುತು ಹಾಕುತ್ತಾರೆ. ಮನೆಯವರು ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಬಣ್ಣಗಳಿಗೂ ಅರ್ಥವಿದೆ. ಮಕ್ಕಳು ಇದನ್ನು ಬರೆದಿಟ್ಟುಕೊಳ್ಳಬಹುದು. ಕೆಂಪು ಎಂದರೆ ವಿದ್ಯುತ್. ಹಳದಿ ಎಂದರೆ ಗ್ಯಾಸ್. ಕಿತ್ತಳೆ ಎಂದರೆ ಫೋನ್, ಇಂಟರ್ನೆಟ್ ತಂತಿ. ನೀಲಿ ಕುಡಿಯುವ ನೀರಿಗೆ, ಹಸಿರು ಒಳಚರಂಡಿಗೆ, ನೇರಳೆ ಶುದ್ಧೀಕರಿಸಿ ಮರಳಿ ಬಳಸುವ ನೀರಿಗೆ. ಗುಲಾಬಿ ಸರ್ವೆಯವರ ಗುರುತು. ಬಿಳಿ ಎಂದರೆ 'ಇಲ್ಲಿ ಅಗೆಯಲಿದ್ದೇವೆ' ಎಂದರ್ಥ. ಮಗಳ ಹಿತ್ತಲಲ್ಲಿ ಬೇಲಿಯ ಬದಿಗೆ ಕೆಂಪು, ಕಿತ್ತಳೆ ಗೆರೆಗಳಿದ್ದವು. ಮನೆಯ ಮಗ್ಗುಲಲ್ಲಿ ಹಳದಿ. ನಡುವೆ ಬಿಳಿ ಬಣ್ಣದಲ್ಲಿ ಈಜುಕೊಳದ ಆಕಾರ.

ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ಬ್ಯಾಂಕಿನಲ್ಲಿ ವೋಚರ್ ನೋಡದೆ ದುಡ್ಡು ಕೊಡುವುದಿಲ್ಲ. ಇಲ್ಲಿ ಗುರುತು ನೋಡದೆ ಗುದ್ದಲಿ ಹಾಕುವುದಿಲ್ಲ. ನಮ್ಮ ದೇಶದಲ್ಲೂ ಹೀಗೆ ಮೊದಲೇ ತಿಳಿಸಲು 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಂದಿದೆ.

ನಿದ್ದೆಯಿಲ್ಲದ ರಾತ್ರಿ

ಅದೇ ವಾರ ನಮ್ಮ ಜಿಲ್ಲೆಯಿಂದಲೇ ಸುದ್ದಿ ಬಂತು. ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬಾಯಿ ಮುಚ್ಚದ ಕೊಳವೆಬಾವಿಯೊಳಗೆ ಎರಡು ವರ್ಷವೂ ತುಂಬಿರದ ಮಗು ಬಿದ್ದಿತ್ತು. ನಮಗೆ ಆಗ ಇನ್ನೂ ಅದೇ ದಿನದ ಬೆಳಿಗ್ಗೆ. ದಿನವೆಲ್ಲ ಫೋನು ಕೈಯಿಂದ ಕೆಳಗಿಡಲಿಲ್ಲ. ಕೊಳವೆಬಾವಿಯ ಪಕ್ಕದಲ್ಲಿ ಇನ್ನೊಂದು ದೊಡ್ಡ ತಗ್ಗು ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು ಮಗುವನ್ನು ತಲುಪಬೇಕಾಗಿತ್ತು. ನಡುವೆ ಬಂಡೆ. ಯಂತ್ರ ಜೋರಾಗಿ ಕುಟ್ಟಿದರೆ ಮಗುವಿನ ಮೇಲೆ ಮಣ್ಣು ಕುಸಿಯುವ ಭಯ. ನಮ್ಮ ಪ್ಲೇನೋದಲ್ಲಿ ರಾತ್ರಿ ಮೂರು ಗಂಟೆ ದಾಟಿದ ಮೇಲೆ, ಅಂದರೆ ಇಂಡಿಯಲ್ಲಿ ಮರುದಿನ ಮಧ್ಯಾಹ್ನ, ಸುಮಾರು 20 ಗಂಟೆಗಳ ನಂತರ ಮಗುವನ್ನು ಜೀವಂತವಾಗಿ ಹೊರತೆಗೆದರು. ನನ್ನ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಅತ್ತಳು. ನಾನು ಹಿಂದಿನ ಬಾಗಿಲ ಗಾಜಿನಿಂದ ಹಿತ್ತಲನ್ನು ನೋಡುತ್ತ ನಿಂತೆ. ಕತ್ತಲಲ್ಲಿ ಆ ಬಿಳಿ ಗೆರೆ ಮಾತ್ರ ಮಸುಕಾಗಿ ಕಾಣುತ್ತಿತ್ತು.

ಬೆಳಗಾದ ಮೇಲೆ ಮಗಳಿಗೆ ಹೇಳಿದೆ: "ಯವ್ವಾ, ತಗ್ಗು ತೋಡಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ತೋಡಿದ ದಿನಾನ ಸುತ್ತ ಬೇಲಿ ಆಗಬೇಕು. ನಾಳೆ ಅನ್ನಬಾರದು."

ಗುರುತು ಸಿಕ್ಕ ಮಣ್ಣು

ಏಪ್ರಿಲ್ 8ರಂದು ಅಲ್ಲಿ ಪೂರ್ಣ ಸೂರ್ಯಗ್ರಹಣ. ಮಟಮಟ ಮಧ್ಯಾಹ್ನ ಮೂರು ನಿಮಿಷಕ್ಕೂ ಹೆಚ್ಚು ಕಾಲ ಕತ್ತಲಾಗಿ, ಬೀದಿ ದೀಪ ಹೊತ್ತಿಕೊಂಡವು. "ಗ್ರಹಣ ಬಿಟ್ಟ ಮ್ಯಾಲೆ ಭೂಮಿ ಮುಟ್ಟಲಿ" ಎಂದು ನನ್ನ ಹೆಂಡತಿ ಮೊದಲೇ ಹೇಳಿದ್ದಳು. ಗುತ್ತಿಗೆದಾರರ ಕಡೆಯವರು ಬಂದದ್ದು ಮರುದಿನವೇ ಆದ್ದರಿಂದ ಅವಳ ಮಾತೂ ಉಳಿಯಿತು.

ಬಂದವರು ಮೂವರು. ಬೇಲಿಯ ಒಂದು ಹಲಗೆಸಾಲು ಕಳಚಿ ಯಂತ್ರವನ್ನು ಒಳಗೆ ತಂದರು. ನಮ್ಮ ಕಡೆ ಅಗೆಯುವ ಯಂತ್ರ ಯಾವುದೇ ಇರಲಿ, ಎಲ್ಲಕ್ಕೂ ಜೆಸಿಬಿ ಎನ್ನುತ್ತೇವೆ. ಇದು ಅದಕ್ಕಿಂತ ಚಿಕ್ಕದು, ಗಾಲಿಯ ಬದಲು ಸರಪಳಿಯಂಥ ಪಟ್ಟಿಯ ಮೇಲೆ ಹರಿದಾಡುತ್ತದೆ. ನಡೆಸುವಾತ ಸ್ಪ್ಯಾನಿಷ್ ಮಾತಾಡುವ ನಡುವಯಸ್ಸಿನ ಮನುಷ್ಯ. ಅವನಿಗೆ ಕನ್ನಡ ಬಾರದು, ನನಗೆ ಸ್ಪ್ಯಾನಿಷ್ ಬಾರದು. ನನ್ನ ಹೆಂಡತಿ ಕೊಟ್ಟ ಮಜ್ಜಿಗೆಯ ಲೋಟ ಎರಡನೆಯ ದಿನಕ್ಕೆ ನಮ್ಮನ್ನು ಗೆಳೆಯರನ್ನಾಗಿ ಮಾಡಿತು.

ಯಂತ್ರ ಹುಲ್ಲಿನ ಪದರನ್ನು ಚಾಪೆಯಂತೆ ಸುಲಿದು ಬದಿಗೆ ಹಾಕಿತು. ಮೊದಲ ಬಕೆಟ್ ಮಣ್ಣು ಮೇಲೆದ್ದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಕಪ್ಪು ಮಣ್ಣು! ಒಂದು ಹಿಡಿ ಎತ್ತಿ ಬೆರಳಲ್ಲಿ ಹಿಸುಕಿದೆ. ಜಿಗುಟು. ಅಂಗೈಗೆ ಅಂಟಿಕೊಂಡಿತು. ಮೂಸಿ ನೋಡಿದೆ. ಮೊದಲ ಮಳೆ ಬಿದ್ದ ನಮ್ಮ ಹೊಲದ ವಾಸನೆ.

"ಇದು ಎರಿ ಮಣ್ಣು! ನಮ್ಮ ಡೋಣಿ ಸಾಲಿನ ಎರಿ!" ಎಂದು ಕೂಗಿದೆ. ಮೊಮ್ಮಗ ನನ್ನನ್ನು ವಿಚಿತ್ರವಾಗಿ ನೋಡಿದ.

ಆ ಸಂಜೆ ಅಳಿಯಂದಿರು ಕಂಪ್ಯೂಟರ್ ತೆರೆದು ತೋರಿಸಿದರು. ನನ್ನ ಊಹೆ ಸರಿಯಾಗಿತ್ತು. ಟೆಕ್ಸಾಸ್‌ನ ಈ ಭಾಗಕ್ಕೆ 'ಬ್ಲ್ಯಾಕ್‌ಲ್ಯಾಂಡ್ ಪ್ರೇರಿ', ಅಂದರೆ ಕಪ್ಪು ನೆಲದ ಹುಲ್ಲುಗಾವಲು ಎಂದೇ ಹೆಸರು. ನಮ್ಮ ಎರೆಯನ್ನೂ ಅಲ್ಲಿಯ ಕಪ್ಪು ಮಣ್ಣನ್ನೂ ಮಣ್ಣಿನ ವಿಜ್ಞಾನಿಗಳು 'ವರ್ಟಿಸಾಲ್' ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ. ಅಲ್ಲಿಯೂ ಮೊದಲು ಹತ್ತಿ ಬೆಳೆಯುತ್ತಿದ್ದರು, ನಮ್ಮಲ್ಲಿಯೂ ಹತ್ತಿ, ಜೋಳ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆಲ್ಲ ಗೊತ್ತು.

ಈ ಮಣ್ಣಿನ ಸ್ವಭಾವವೇ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಕೈ ಹೋಗುವುದನ್ನು ನೀವು ನೋಡಿರಬಹುದು. ಪ್ಲೇನೋ ಕಡೆ ಈ ಕಾರಣಕ್ಕೆ ಜನ ಬೇಸಿಗೆಯಲ್ಲಿ ಮನೆಯ ಅಡಿಪಾಯದ ಸುತ್ತ ತೂತಿನ ಪೈಪು ಇಟ್ಟು ನೀರುಣಿಸುತ್ತಾರೆ! ಇಲ್ಲದಿದ್ದರೆ ಮಣ್ಣು ಕುಗ್ಗಿ ಮನೆಯ ಗೋಡೆ ಬಿರುಕು ಬಿಡುತ್ತದೆ. ಗಿಡಕ್ಕೆ ನೀರು ಹಾಕುವುದು ಗೊತ್ತಿತ್ತು, ಮನೆಗೆ ನೀರು ಹಾಕುವುದನ್ನು ಅಲ್ಲೇ ನೋಡಿದೆ.

ಆ ದಿನವೇ ಒಂದು ಫಜೀತಿಯೂ ಆಯಿತು. ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಹುಲ್ಲಿಗೆ ನೀರು ಬಿಡುವ ಪೈಪು ಮುರಿಯಿತು. ನೀರು ಕಾರಂಜಿಯಂತೆ ಚಿಮ್ಮಿ ಯಂತ್ರದವನ ಟೋಪಿ ತೊಯ್ದಿತು. ಮೊಮ್ಮಗ ಚಪ್ಪಾಳೆ ಹೊಡೆದ. ಅಷ್ಟೆಲ್ಲ ಬಣ್ಣ ಬಳಿದಿದ್ದರೂ ಈ ಪೈಪಿಗೆ ಗುರುತೇ ಇರಲಿಲ್ಲವಲ್ಲ? ಮೀಟರಿನಿಂದ ಈಚೆಗೆ ಮನೆಯವರೇ ಹಾಕಿಸಿಕೊಂಡ ಪೈಪುಗಳಿಗೆ 811ರವರು ಗುರುತು ಹಾಕುವುದಿಲ್ಲವಂತೆ. ಅದು ಮನೆಯವರೇ ನೆನಪಿಟ್ಟು ಹೇಳಬೇಕಾದದ್ದು.

ಕಪ್ಪಿನ ಕೆಳಗೆ ಬಿಳುಪು

ನಾಲ್ಕು ಅಡಿ ಕೆಳಗೆ ಹೋಗುತ್ತಲೇ ಮಣ್ಣಿನ ಬಣ್ಣ ಹಳದಿಯಾಯಿತು, ಆಮೇಲೆ ಬಿಳಿ ಕಲ್ಲು ಬಂತು. ಬಕೆಟ್ ಕೆರೆದರೆ ಬಳಪದ ಪುಡಿಯಂತೆ ಉದುರುತ್ತಿತ್ತು. ಯಂತ್ರದವನು ಬಕೆಟ್ ಕಳಚಿ ಕುಟ್ಟುವ ಉಳಿ ಜೋಡಿಸಿದ. ಕರಾರಿನಲ್ಲಿ 'ಬಂಡೆ ಬಂದರೆ ಹೆಚ್ಚಿನ ಹಣ' ಎಂಬ ಸಾಲಿದ್ದದ್ದು ಆಗ ಅಳಿಯಂದಿರಿಗೆ ನೆನಪಾಯಿತು. ಸಣ್ಣ ಅಕ್ಷರದ ಸಾಲುಗಳನ್ನು ಮೊದಲು ಓದಬೇಕು ಎಂದು ನಾನು ಹೇಳಲಿಲ್ಲ. ಮನಸ್ಸಿನಲ್ಲೇ ಅಂದುಕೊಂಡೆ.

ಆ ಕಲ್ಲಿಗೆ 'ಆಸ್ಟಿನ್ ಚಾಕ್' ಎನ್ನುತ್ತಾರೆ, ಅಂದರೆ ಸುಣ್ಣದ ಬಳಪದ ಕಲ್ಲು. ಎಂಟು ಕೋಟಿ ವರ್ಷಗಳಿಗೂ ಹಿಂದೆ ಅಲ್ಲೆಲ್ಲ ಸಮುದ್ರವಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಜೀವಿಗಳ ಸುಣ್ಣದ ಚಿಪ್ಪುಗಳು ಲಕ್ಷಾಂತರ ವರ್ಷ ತಳಕ್ಕಿಳಿದು ಪದರ ಪದರವಾಗಿ ಈ ಕಲ್ಲಾದವು. ತೆಗೆದು ಹಾಕಿದ ಗುಡ್ಡೆಯಲ್ಲಿ ಮೊಮ್ಮಗನಿಗೆ ಅಂಗೈಯಗಲದ ತುಂಡೊಂದು ಸಿಕ್ಕಿತು, ಅದರ ಮೇಲೆ ಬೀಸಣಿಗೆಯಂಥ ಗೆರೆಗಳು. ಸಮುದ್ರದ ಚಿಪ್ಪಿನ ಅಚ್ಚು. ಸಮುದ್ರ ಅಲ್ಲಿಂದ ಈಗ ನೂರಾರು ಮೈಲಿ ದೂರ.

"ಅಜ್ಜಾ, ನಿಮ್ಮ ಊರಾಗ ಮಣ್ಣಿನ ಕೆಳಗ ಏನದ?" ಎಂದ.

"ನಮ್ಮಲ್ಲಿ ಕರಿಕಲ್ಲು. ಬೆಂಕಿಯ ಕಲ್ಲು." ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಮಹಾರಾಷ್ಟ್ರದಿಂದ ನಮ್ಮ ವಿಜಯಪುರದವರೆಗೂ ಹರಡಿ ತಣ್ಣಗಾಯಿತು. ಆ ಕಲ್ಲು ಸವೆದು ನಮ್ಮ ಎರೆಯಾಯಿತು. ಅಲ್ಲಿಯದು ಸಮುದ್ರ ಬಿಟ್ಟುಹೋದ ಸುಣ್ಣದ ನೆಲ, ನಮ್ಮದು ಬೆಂಕಿ ಬಿಟ್ಟುಹೋದ ಕಲ್ಲಿನ ನೆಲ. ಮೇಲೆ ಮಾತ್ರ ಒಂದೇ ಕಪ್ಪು ಮಣ್ಣು.

ಮೂರು ದಿನದಲ್ಲಿ ತಗ್ಗು ಮುಗಿಯಿತು. ಸಿಮೆಂಟಿನ ಗೋಡೆ, ತಳ ಬರಬೇಕಾದ್ದರಿಂದ ಎಲ್ಲ ಕಡೆ ಒಂದೊಂದು ಅಡಿ ಹೆಚ್ಚು ತೋಡಿದ್ದರು. 32 ಅಡಿ ಉದ್ದ, 17 ಅಡಿ ಅಗಲ, ಸರಾಸರಿ ಆಳ ಐದೂಮುಕ್ಕಾಲು ಅಡಿ. ಗುಣಿಸಿದರೆ 3128 ಘನ ಅಡಿ. ಆದರೆ ಅಗೆದ ಮಣ್ಣು ಸಡಿಲವಾಗಿ ಹೆಚ್ಚು ಜಾಗ ಹಿಡಿಯುತ್ತದೆ. ನೂರು ಬುಟ್ಟಿ ಜಾಗದಿಂದ ನೂರಾಮೂವತ್ತು ಬುಟ್ಟಿ ಮಣ್ಣು ಬರುತ್ತದೆ ಎಂದಿಟ್ಟುಕೊಳ್ಳಿ. ಆಗ ಸುಮಾರು 4000 ಘನ ಅಡಿ, ನಮ್ಮ ಕಡೆಯ ಲೆಕ್ಕದಲ್ಲಿ 40 ಬ್ರಾಸ್. ಒಂದು ಲಾರಿಗೆ 324 ಘನ ಅಡಿ ಹಿಡಿದರೆ ಎಷ್ಟು ಲಾರಿ? ಮೊಮ್ಮಗ ಭಾಗಿಸಿ 13 ಎಂದ. ನಾನು ಕಿಟಕಿಯ ಬಳಿ ಕುಳಿತು ಎಣಿಸಿದ್ದೂ ಹದಿಮೂರೇ. ಲೆಜರ್ ತಾಳೆಯಾದಷ್ಟು ಸಂತೋಷವಾಯಿತು.

ನಾಳೆ ಎಂದವನ ಕಥೆ

ಆ ಸಂಜೆ ತಗ್ಗಿನ ಸುತ್ತ ಗೂಟ ನೆಟ್ಟು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ ಕಟ್ಟಿದರು. ನಾನು ಒಂದೊಂದು ಗೂಟವನ್ನೂ ಅಲ್ಲಾಡಿಸಿ ನೋಡಿದೆ. ಮೊಮ್ಮಗ ಕೇಳಿದ: "ಅಜ್ಜಾ, ನೀ ಯಾಕ ಇಷ್ಟು ಅಂಜತಿ?"

ಅವನಿಗೆ ಹೇಳಿದೆ. ಅದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ.

1972ರ ಬರಗಾಲ. ನಾನು ಬಿ.ಕಾಂ. ಮುಗಿಸಿ ಊರಿಗೆ ಬಂದಿದ್ದೆ. ನಮ್ಮಪ್ಪ ಸಾಲ ಮಾಡಿ ಹೊಲದಲ್ಲಿ ಬಾವಿ ತೋಡಿಸಲು ಹಿಡಿದ. ಆಗ ಯಂತ್ರ ಎಲ್ಲಿಯದು? ಗುದ್ದಲಿ, ಹಾರೆ, ಬುಟ್ಟಿ, ಹಗ್ಗ. ಮೇಲೆ ಎರೆ, ಆಮೇಲೆ ಗರಸು, ಆಮೇಲೆ ಕರಿಕಲ್ಲು. 32 ಅಡಿಗೆ ದುಡ್ಡು ಮುಗಿಯಿತು, ನೀರು ಬರಲಿಲ್ಲ. "ದಂಡಿ ಕಟ್ಟೂದು ನೀರು ಬಿದ್ದ ಮ್ಯಾಲೆ ನೋಡೂಣು. ಸದ್ಯಕ್ಕ ಸುತ್ತ ಜಾಲಿ ಮುಳ್ಳು ಹಚ್ಚು" ಎಂದು ಅಪ್ಪ ನನಗೆ ಹೇಳಿದ. ನಾನು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದೆ. "ನಾಳೆ ಹಚ್ಚತೀನಿ" ಎಂದೆ. ಮರುದಿನವೂ ನಾಳೆ ಎಂದೆ. ಹೀಗೆ ತಿಂಗಳುಗಳೇ ಕಳೆದವು.

ಮುಂದಿನ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಾವಿಯಲ್ಲಿ ಆಳೆತ್ತರ ನೀರು ನಿಂತಿತು. ನೋಡಲು ಹೋದ ನನ್ನ ತಮ್ಮನಿಗೆ ಆಗ ಒಂಬತ್ತು ವರ್ಷ. ತೊಯ್ದ ಎರೆಯ ಅಂಚು ಅವನ ಕಾಲ ಕೆಳಗೆ ಕುಸಿಯಿತು. ಬೀಳುವಾಗ ಕಲ್ಲಿನ ಚಾಚಿಗೆ ಬಡಿದು ಕಾಲು ಮುರಿಯಿತು. ಅಲ್ಲೇ ದನ ಮೇಯಿಸುತ್ತಿದ್ದವನೊಬ್ಬ ನೀರಿಗೆ ಹಾರಿ ಎತ್ತಿದ್ದರಿಂದ ಜೀವ ಉಳಿಯಿತು. ಎಲುಬು ಕೂಡಿತು, ಆದರೆ ಕಾಲು ಮೊದಲಿನಂತಾಗಲಿಲ್ಲ. ಐವತ್ತು ವರ್ಷಗಳಿಂದ ಅವನು ಕುಂಟುತ್ತಲೇ ಒಕ್ಕಲುತನ ಮಾಡಿದ್ದಾನೆ. ಅಪ್ಪ ಆ ದಿನವೇ ಮುಳ್ಳು ಕಡಿದು ತಂದು ತಾನೇ ಬೇಲಿ ಹಚ್ಚಿದ. ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಪರೀಕ್ಷೆ ಪಾಸಾದೆ, ನೌಕರಿ ಸಿಕ್ಕಿತು. ಬಾವಿಯಲ್ಲಿ ಓರಗೆಯ ಹುಡುಗರು ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದರು. ನಾನು ಕಲಿತಿರಲಿಲ್ಲ, ಮುಂದೆಯೂ ಕಲಿಯಲಿಲ್ಲ.

ಮೊಮ್ಮಗ ಏನೂ ಹೇಳಲಿಲ್ಲ. ಹೋಗಿ ಇನ್ನೊಂದು ಗೂಟವನ್ನು ಅಲ್ಲಾಡಿಸಿ ನೋಡಿ ಬಂದ.

ತೆರೆದಿಟ್ಟ ಬಾಗಿಲು

ಎರಡು ದಿನ ಕಳೆದು ಒಂದು ರಾತ್ರಿ ಗುಡುಗು ಸಿಡಿಲಿನ ಭಾರಿ ಮಳೆ. ಟೆಕ್ಸಾಸ್‌ನಲ್ಲಿ ಏಪ್ರಿಲ್, ಮೇ ತಿಂಗಳು ಬಿರುಗಾಳಿಯ ಕಾಲ. ಬೆಳಗಿನ ಆರಕ್ಕೆ ಎದ್ದು ಹಿಂದಿನ ಬಾಗಿಲು ತೆರೆದು ಹೊರಗೆ ಹೋದೆ. ಬಲೆ ಒಂದು ಕಡೆ ಪೂರಾ ಮಲಗಿತ್ತು. ಆಳದ ಕಡೆ ಮೊಣಕಾಲು ಮೀರಿ ಹಾಲು ಬೆರೆಸಿದಂಥ ನೀರು ನಿಂತಿತ್ತು. ಅಂಚಿನ ಕಪ್ಪು ಮಣ್ಣು ಒಂದು ಕಡೆ ಹೋಳಾಗಿ ಒಳಗೆ ಜಾರಿತ್ತು. ಐದು ಅಡಿಗೂ ಆಳದ ತಗ್ಗಿನ ಗೋಡೆ ಕುಸಿಯದಂತೆ ಕಾಪು ಇಲ್ಲದೆ ಕೆಲಸಗಾರರು ಒಳಗೆ ಇಳಿಯಬಾರದೆಂಬ, ಅಗೆದ ಮಣ್ಣನ್ನು ಅಂಚಿನಿಂದ ಎರಡು ಅಡಿಯಾದರೂ ದೂರ ಹಾಕಬೇಕೆಂಬ ನಿಯಮ ಅಲ್ಲಿದೆ. ಏಕೆಂದು ಅದನ್ನು ನೋಡಿದರೆ ತಿಳಿಯುತ್ತಿತ್ತು.

ಬಲೆ ಎತ್ತಿ ಕಟ್ಟೋಣವೆಂದು ಬಗ್ಗಿದೆ. ಹಿಂದೆ ಸಪ್ಪಳ. ತಿರುಗಿದರೆ ಮೊಮ್ಮಗಳು! ಬರಿಗಾಲಲ್ಲಿ, ತೊಯ್ದ ಹುಲ್ಲಿನ ಮೇಲೆ, ಕೈಯಲ್ಲಿ ಚೆಂಡು. ಅವಳಿಂದ ತಗ್ಗಿನ ಅಂಚಿಗೆ ಹತ್ತು ಹೆಜ್ಜೆ. ನನ್ನಿಂದ ಅವಳಿಗೆ ಅದಕ್ಕಿಂತ ಹೆಚ್ಚು. ಊರಿಗೆಲ್ಲ ಬುದ್ಧಿ ಹೇಳಿದ ಅಜ್ಜ ಹಿಂದಿನ ಬಾಗಿಲನ್ನು ಹಾಕದೆ ಬಂದಿದ್ದೆ.

ಕೂಗಿದರೆ ಅವಳು ಆಟವೆಂದು ಓಡುತ್ತಾಳೆ. ನಾನು ಓಡಿ ಹಿಡಿಯುವ ವಯಸ್ಸಿನವನಲ್ಲ. ಅಲ್ಲೇ ತೊಯ್ದ ಹುಲ್ಲಿನ ಮೇಲೆ ಅವಳಿಗೆ ಬೆನ್ನು ಹಾಕಿ ಕುಳಿತುಬಿಟ್ಟೆ. "ಬಾ ಪುಟ್ಟಿ, ಅಜ್ಜ ಕೂಸುಮರಿ ಮಾಡ್ತಾನ" ಎಂದೆ. ದನಿ ನಡುಗದಂತೆ ಹೇಳಲು ಬಹಳ ಕಷ್ಟವಾಯಿತು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಚೆಂಡು ಬಿದ್ದ ಸದ್ದು, ಎರಡು ಪುಟ್ಟ ಕೈಗಳು ನನ್ನ ಕುತ್ತಿಗೆಯನ್ನು ಬಳಸಿದವು.

ಅವಳನ್ನು ಹೊತ್ತು ಒಳಗೆ ಬಂದಾಗ ಮಗಳು ಎದ್ದಿದ್ದಳು. "ಹಿಂದಿನ ಬಾಗಿಲ ಯಾರು ತೆರದಿಟ್ಟಿದ್ರು?"

"ನಾನ, ಯವ್ವಾ."

ಬೇರೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆ ದಿನ ಎಲ್ಲರೂ ಕುಳಿತು ಒಂದು ನಿಯಮ ಮಾಡಿದೆವು. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಒಂದು ಮ್ಯಾನೇಜರರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ್ ಬಳಿ. ಒಬ್ಬರು ಮರೆತರೂ ಬಾಗಿಲು ತೆರೆಯದು. ಹಾಗೆಯೇ ಹಿಂದಿನ ಬಾಗಿಲ ಮೇಲ್ಗಡೆ ಮಕ್ಕಳಿಗೆ ಎಟುಕದ ಇನ್ನೊಂದು ಚಿಲಕ ಬಂತು. ಹೊರಗೆ ಹೋಗುವವರು ಒಳಗಿದ್ದ ದೊಡ್ಡವರೊಬ್ಬರಿಗೆ ಹೇಳಿ, ಅವರಿಂದ ಚಿಲಕ ಹಾಕಿಸಿಯೇ ಹೋಗಬೇಕು. ಈಜುಕೊಳಕ್ಕೆ ಅಲ್ಲಿಯ ಕಾಯಂ ನಿಯಮವೂ ಇಂಥದೇ. ಸುತ್ತ ಕನಿಷ್ಠ ನಾಲ್ಕು ಅಡಿ ಎತ್ತರದ ಬೇಲಿ, ಬಿಟ್ಟ ಕೂಡಲೇ ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳುವ ಗೇಟು. ಮನುಷ್ಯ ಮರೆಯುತ್ತಾನೆ ಎಂದು ತಿಳಿದೇ ಅದನ್ನು ಮಾಡಿದ್ದಾರೆ.

ಆ ರಾತ್ರಿ ಊರಿಗೆ ಫೋನ್ ಮಾಡಿ ತಮ್ಮನಿಗೆ ಎಲ್ಲ ಹೇಳಿದೆ. ಬೆಳಗಿನದನ್ನೂ, 1973ರದನ್ನೂ. ಅವನು ತುಸು ಹೊತ್ತು ಸುಮ್ಮನಿದ್ದ. "ಅಣ್ಣಾ, ನಿನಗ ಮುಳ್ಳು ಹಚ್ಚಂತ ಅಪ್ಪ ಹೇಳಿದ್ದು ನನಗ ಅವತ್ತೇ ಗೊತ್ತಿತ್ತು. ನಾನೂ ಅಲ್ಲೇ ನಿಂತಿದ್ದೆ. ಬಿಡಣ್ಣಾ. ಕೂಸು ಆರಾಮ ಅದಲ್ಲ?" ಎಂದ.

ಊರಿನ ಹೊಲದಲ್ಲಿ

ಜುಲೈನಲ್ಲಿ ಕೊಳ ತುಂಬಿತು. ನೀರು ಬಂದದ್ದು ಊರಿನ ನಲ್ಲಿಯಿಂದ, ಅದಕ್ಕೆ ಮೂಲ ಲವೋನ್ ಎಂಬ ಕೆರೆ. ಮೊಮ್ಮಗ ಎರಡೇ ವಾರದಲ್ಲಿ ಮೀನಿನಂತಾದ. ಮೊಮ್ಮಗಳಿಗೂ ಕಲಿಸುವವರು ಬಂದರು. ನಾನು ಮೆಟ್ಟಿಲ ಮೇಲೆ ಕುಳಿತು ಕಾಲು ಇಳಿಬಿಟ್ಟುಕೊಂಡು ಅವರನ್ನು ಕಾದೆ.

ಸೆಪ್ಟೆಂಬರ್‌ನಲ್ಲಿ ಮರಳಿ ಬಂದು, ದಸರೆಗೆ ಹಳ್ಳಿಗೆ ಹೋದೆ. ಹಳೆಯ ಬಾವಿಗೆ ಎದೆಯೆತ್ತರದ ಕಟ್ಟೆಯಿದೆ, ಭಯವಿಲ್ಲ. ಆದರೆ ಹೊಲದ ಮೂಲೆಯಲ್ಲಿ ನೀರು ಬಾರದ ಹಳೆಯ ಕೊಳವೆಬಾವಿಯೊಂದು ಇತ್ತು. ಅದರ ಬಾಯಿಗೆ ಗೋಣಿಚೀಲ, ಮೇಲೊಂದು ಕಲ್ಲು, ಅಷ್ಟೆ. ಸುಪ್ರೀಂ ಕೋರ್ಟು 2010ರಲ್ಲೇ ಇದಕ್ಕೆ ನಿಯಮ ಹಾಕಿದೆ. ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯುವಾಗ ಸುತ್ತ ತಂತಿಬೇಲಿ ಇರಬೇಕು, ಕೊಳವೆಯ ಬಾಯಿಗೆ ಗಟ್ಟಿ ಮುಚ್ಚಳ ಹಾಕಬೇಕು, ಬಿಟ್ಟುಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಕಲ್ಲು ತುಂಬಿ ಮುಚ್ಚಬೇಕು.

"ಇದನ್ನ ಮುಚ್ಚೂಣೇನು?" ಎಂದೆ.

"ಹಬ್ಬ ಮುಗೀಲಿ, ನಾಳೆ..." ಎಂದ ತಮ್ಮ, ಅಷ್ಟಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದ. ಇಬ್ಬರೂ ನಕ್ಕೆವು.

ಆರೂವರೆ ಇಂಚು ಅಗಲ, 400 ಅಡಿ ಆಳ. ಲೆಕ್ಕ ಹಾಕಿದೆ: ಒಂದು ಬ್ರಾಸಿಗಿಂತ ತುಸು ಕಡಿಮೆ. ಒಂದು ಟ್ರ್ಯಾಕ್ಟರ್ ಗರಸು ಸಾಕು. ಮಧ್ಯಾಹ್ನಕ್ಕೆ ಟ್ರ್ಯಾಕ್ಟರ್ ಬಂತು. ತಮ್ಮ ಕುಂಟುತ್ತ ಸನಿಕೆ ತಂದ, ನಾನು ಬುಟ್ಟಿ ಹಿಡಿದೆ. ಓಣಿಯ ಹುಡುಗರೂ ಕೈಗೂಡಿಸಿದರು. ಮೊದಮೊದಲು ಸುರಿದ ಗರಸು ಬಹಳ ಹೊತ್ತಿನ ಮೇಲೆ ಎಲ್ಲೋ ಆಳದಲ್ಲಿ ಸದ್ದು ಮಾಡುತ್ತಿತ್ತು. ಬರಬರುತ್ತ ಸದ್ದು ಹತ್ತಿರವಾಯಿತು. ಹೊತ್ತು ಮುಳುಗುವುದರೊಳಗೆ ಬಾವಿ ನೆಲಕ್ಕೆ ಸಮನಾಯಿತು. ತಮ್ಮ ಅದರ ಮೇಲೆ ನಿಂತು, ಸರಿಯಿಲ್ಲದ ಕಾಲಿನಿಂದಲೇ ಎರಡು ಸಲ ತುಳಿದು ನೋಡಿದ.